ಏಳಬಾರದ ಉಗುರುಗಳು

ಚಿತ್ರದುರ್ಗದಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳಿಗೆ ನಗುವುದಕ್ಕೆ ಬೇರೆ ಮನರಂಜನೆ ಬೇಕಿಲ್ಲ. ಬೆಳಗ್ಗೆ ಶಟರ್ ಎತ್ತಿ, ಕುರ್ಚಿ ಒರೆಸಿ ಕೂತರೆ ಸಾಕು, ಒಂದಲ್ಲ ಒಂದು ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಹುಬ್ಬು ತೀಡುವುದು, ತಲೆಗೆ ಬಣ್ಣ ಹಚ್ಚುವುದು ಇದ್ದಾಗ ಅಪರೂಪಕ್ಕೆ ಬರುತ್ತಿತ್ತು. ಉದ್ದುಗುರು ಹಾಕುವ ಕೆಲಸ ಕಲಿತು ಬಂದ ಮೇಲೆ ದಿನಾ ಬರುತ್ತಿದೆ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಸ್ವಂತ ಉಗುರಿನ ಮೇಲೆ ಜೆಲ್ ಹಚ್ಚಿ, ಬೇಕಾದಷ್ಟು ಉದ್ದ ಮಾಡಿ, ಪುಟ್ಟ ದೀಪದ ಪೆಟ್ಟಿಗೆಯೊಳಗೆ ಬೆರಳಿಟ್ಟು ಗಟ್ಟಿ ಮಾಡುತ್ತೇವೆ. ಹಾಕುವುದು ಕಷ್ಟವಲ್ಲ, ಅದು ಏಳದ ಹಾಗೆ ನೋಡಿಕೊಳ್ಳುವುದು ಕಷ್ಟ. ತೇವ ಕಂಡ ಗೋಡೆಯ ಬಣ್ಣ ಸಿಪ್ಪೆ ಏಳುತ್ತದಲ್ಲ, ಹಾಗೆ ಹಾಕಿದ ಉಗುರೂ ಬುಡದಲ್ಲಿ ಸಣ್ಣಗೆ ಬಾಯಿ ಬಿಡುತ್ತದೆ. ಎಣ್ಣೆಯ ಪಸೆ, ನೀರು, ಎಳೆದಾಟ, ಮೂರೂ ಅದಕ್ಕೆ ಆಗಿಬರುವುದಿಲ್ಲ. ಈ ಮೂರೂ ಇಲ್ಲದ ಹೆಂಗಸಿನ ಕೈಯನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹುಡುಕಲಿ?

ನಮ್ಮತ್ತೆ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. "ಮುದ್ದೆ ತೊಳ್ಸೋ ಕೈಗೆ, ಸಗಣಿ ಬಾಚೋ ಕೈಗೆ ಇದೆಲ್ಲ ನಿಲ್ಲುತ್ತೇನೇ? ಕೆಲ್ಸ ಇಲ್ದೋರ ಸೋಕಿ ಇದು." ನನಗೆ ಸಿಟ್ಟು ಬಂತು. ಕೆಲಸ ಇಲ್ಲದವರ ಕೈ ಹೇಗಿದ್ದರೂ ಚೆನ್ನಾಗಿಯೇ ಇರುತ್ತದೆ, ಚೆಂದ ಮಾಡಬೇಕಾದದ್ದು ದುಡಿದ ಕೈಯನ್ನಲ್ಲವೇ? ಅವತ್ತಿನಿಂದ ನನಗದು ಹಟವೇ ಆಯಿತು. ನಮ್ಮ ಕಡೆಯ ಕೈಗಳ ಮೇಲೂ ಉಗುರು ನಿಲ್ಲಿಸಿ ತೋರಿಸಬೇಕು. ನಿಲ್ಲದಿದ್ದರೆ ಅತ್ತೆಯ ಮಾತು ನಿಜವಾಗುತ್ತದೆ, ಅದನ್ನಂತೂ ನಾನು ಸಹಿಸಲಾರೆ.

ಎಣ್ಣೆ ಸಾಲದ ಟೀಚರು

ಹಟದ ಮೊದಲ ಪರೀಕ್ಷೆಗೆ ಸಿಕ್ಕವರು ಹೊಳಲ್ಕೆರೆಯ ಒಬ್ಬ ಮೇಷ್ಟ್ರಮ್ಮ. ಕೈ ಹಿಡಿದು ನೋಡಿದರೆ ಫಳಫಳ ಹೊಳೆಯುತ್ತಿದೆ. ಮೊಣಕೈವರೆಗೂ ಕೊಬ್ಬರಿ ಎಣ್ಣೆ.

"ಇದೇನ್ ಮೇಡಂ?"

"ಅಯ್ಯೋ, ಪಾರ್ಲರ್‌ಗೆ ಒರಟು ಕೈ ಇಟ್ಕಂಡು ಬರಾಕಾಗುತ್ತೇನ್ರಿ? ಬಸ್ಸಲ್ಲೇ ಹಚ್ಕಂಡ್ ಬಂದೆ."

ಇದು ನಮ್ಮ ಜನರ ಸೌಜನ್ಯ. ಡಾಕ್ಟರ ಹತ್ತಿರ ಹೋಗುವ ಮುಂಚೆ ಸ್ನಾನ ಮಾಡಿ ಹೊಸ ಸೀರೆ ಉಡುತ್ತಾರೆ, ಕೆಲಸದವಳು ಬರುವ ಮುಂಚೆ ಮನೆ ಗುಡಿಸುತ್ತಾರೆ. ಅವರ ಕೈಯನ್ನು ಸೋಪು ಹಾಕಿ ತೊಳೆಸಿದೆ, ಒಣಗಿಸಿದೆ, ಉಗುರಿನ ಹೊಳಪನ್ನು ಉಜ್ಜಿ ತೆಗೆದೆ, ಪಸೆ ಹೀರುವ ದ್ರಾವಣದಿಂದ ಒರೆಸಿದೆ. ಜೆಲ್ ಡಬ್ಬಿ ತರಲು ಕಪಾಟಿನ ಕಡೆ ತಿರುಗಿದೆ, ಅಷ್ಟೇ. ಬಂದು ಜೆಲ್ ಹಚ್ಚಿದೆ, ದೀಪದಲ್ಲಿಟ್ಟೆ, ಸೊಗಸಾಗಿ ಬಂತು. ಅವರು ಖುಷಿಯಾಗಿ ಬಸ್ಸು ಹತ್ತಿದರು.

ಮರುದಿನ ಪಾಠದ ನಡುವೆ, ಸೀಮೆಸುಣ್ಣ ಹಿಡಿದ ಬೆರಳಿನ ಉಗುರು ಹಾರಿ ಮುಂದಿನ ಬೆಂಚಿನ ಮೇಲೆ ಬಿತ್ತಂತೆ. ನನ್ನ ತಲೆ ಕೆಟ್ಟುಹೋಯಿತು. ಎಲ್ಲಿ ತಪ್ಪಿದೆ ಎಂದು ಯೋಚಿಸುತ್ತಲೇ ಫೋನಿನಲ್ಲಿ ಕೇಳಿದೆ, "ಮೇಡಂ, ನಾನು ಒರೆಸಿದ್ಮೇಲೆ ಕೈಗೆ ಏನಾದ್ರೂ ತಗಲ್ತಾ?"

"ಏನಿಲ್ರೀ. ನೀವು ಒರೆಸಿ ಒರೆಸಿ ಕೈಯೆಲ್ಲ ಒಣಗೋಗಿತ್ತು. ನೀವು ಆ ಕಡೆ ತಿರುಗಿದಾಗ ಬ್ಯಾಗಿಂದ ಬಾಟಲಿ ತೆಗೆದು ಒಂಚೂರು ಹಚ್ಕಂಡೆ. ಯಾಕ್ ಮೇಡಂ, ಎಣ್ಣೆ ಸಾಲ್ದಾಯ್ತಾ?"

ಹೆಬ್ಬೆರಳು ಸುಳ್ಳು ಹೇಳುವುದಿಲ್ಲ

ಒಂದಷ್ಟು ಕೈ ನೋಡಿದ ಮೇಲೆ ನನಗೊಂದು ಸಂಗತಿ ಹೊಳೆಯಿತು. ಯಾವ ಉಗುರು ಮೊದಲು ಏಳುತ್ತದೆ ಎಂಬುದರ ಮೇಲೆ ಆ ಮನೆಯ ಬದುಕನ್ನೇ ಹೇಳಿಬಿಡಬಹುದು. ತೋರುಬೆರಳು ಎದ್ದರೆ ಡಬ್ಬಿ ಮುಚ್ಚಳ ಮೀಟುವವಳು. ಕಿರುಬೆರಳು ಎದ್ದರೆ ಬಟ್ಟೆ ಉಜ್ಜುವವಳು. ಹೆಬ್ಬೆರಳು ಎದ್ದರೆ ಏನನ್ನೋ ಸುಲಿಯುವವಳು. ಕೈ ನೋಡಿ ಭವಿಷ್ಯ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಹೇಳುವುದು ನಿನ್ನೆ ಮೊನ್ನೆಯದು.

ನಮ್ಮ ಬೀದಿಯ ತುದಿಯ ದೊಡ್ಡ ಮನೆಯ ಯಜಮಾನಿ ಬಂದರು. ಮಾತು ಬಹಳ ದೊಡ್ಡದು. "ನಮ್ಮನೇಲಿ ಒಂದು ಕಡ್ಡಿ ಎತ್ತಿ ಈ ಕಡೆ ಇಡೋ ಹಂಗಿಲ್ಲ ನಾನು. ಎಲ್ಲ ಕೆಲ್ಸದೋಳೇ ನೋಡ್ಕಂತಾಳೆ. ನಿನ್ ಉಗುರೇ ಸರಿ ಇಲ್ಲ, ಹೆಬ್ಬೆರಳಲ್ಲಿ ಎದ್ದೈತೆ ನೋಡು."

ಭೂತಗನ್ನಡಿ ಹಿಡಿದು ನೋಡಿದೆ. ಬಾಯಿ ಬಿಟ್ಟ ಉಗುರಿನ ಸಂದಿಯಲ್ಲಿ ಏನೋ ಕೆಂಪಗೆ ಕಾಣಿಸಿತು. ಚಿಮಟದಿಂದ ಎಳೆದು ಬಿಳಿ ಕಾಗದದ ಮೇಲಿಟ್ಟೆ. ಶೇಂಗಾಬೀಜದ ಸಿಪ್ಪೆ. ಇಬ್ಬರೂ ಅದನ್ನು ನೋಡಿದೆವು.

"ಅವತ್ತು ಕೆಲ್ಸದೋಳು ಬಂದಿರ್ಲಿಲ್ಲ," ಎಂದರು ಮೆಲ್ಲಗೆ.

"ಯಾವತ್ತು ಅಮ್ಮಾ?"

ಅವರು ಸಿಪ್ಪೆಯನ್ನೇ ನೋಡುತ್ತಾ ಹೇಳಿದರು. "ನನ್ ಮದ್ವೆ ಆದಾಗ್ನಿಂದ."

ಮುದ್ದೆಯಲ್ಲಿ ಕಳೆದದ್ದು

ರಾಮಗಿರಿಯ ಕಡೆಯ ಒಬ್ಬ ಸೊಸೆ ಮಧ್ಯಾಹ್ನದ ಹೊತ್ತಿನಲ್ಲಿ ಫೋನು ಮಾಡಿ ಅಳುತ್ತಿದ್ದಳು. ಉಂಗುರದ ಬೆರಳಿನ ಉಗುರು ಕಾಣುತ್ತಿಲ್ಲವಂತೆ.

"ಎಲ್ಲಾದ್ರೂ ಬಿದ್ದಿರುತ್ತೆ ಕಣಮ್ಮ, ಹುಡುಕು," ಎಂದೆ.

"ಹುಡ್ಕೋ ಹಂಗಿಲ್ಲ ಅಕ್ಕ. ಮುದ್ದೆ ಕಟ್ಟೋವರ್ಗೂ ಇತ್ತು. ಕೈ ತೊಳ್ಕಣಾಗ ಇರ್ಲಿಲ್ಲ."

ಬಿಸಿ ಮುದ್ದೆ, ಒದ್ದೆ ಕೈ. ಉಗುರಿಗೆ ಇದಕ್ಕಿಂತ ದೊಡ್ಡ ಶತ್ರುಗಳಿಲ್ಲ. "ಸರಿ, ಮುದ್ದೆ ಯಾರಿಗೂ ಬಡಿಸ್ಬೇಡ. ಮುರಿದು ನೋಡು."

"ಎಲ್ರೂ ಉಂಡು ಎದ್ದಾಯ್ತಲ್ಲಕ್ಕ!"

"ಹಲ್ಲಿಗೆ ಸಿಕ್ಕಿರುತ್ತಲ್ಲ, ಯಾರಿಗೆ ಸಿಕ್ತು ಕೇಳು."

ಕೇಳಿ ಮುಗಿಸುವ ಮುಂಚೆಯೇ ನನ್ನ ಪ್ರಶ್ನೆ ನನಗೇ ಅಸಂಬದ್ಧ ಅನ್ನಿಸಿತು. ಮುದ್ದೆಯನ್ನು ಯಾರು ಅಗಿಯುತ್ತಾರೆ? ಸಾರಲ್ಲಿ ಅದ್ದಿ ನುಂಗುವುದೇ ನಮ್ಮ ಪದ್ಧತಿ. ಅಗಿದರೆ ಹಿರಿಯರು ಬೈಯುತ್ತಾರೆ. ಉಗುರು ಗಂಡನ ಹೊಟ್ಟೆಗೆ ಹೋಯಿತೋ, ಮಾವನ ಹೊಟ್ಟೆಗೋ, ಅತ್ತೆಯದಕ್ಕೋ, ದೇವರಿಗೇ ಗೊತ್ತು. ಡಾಕ್ಟರಿಗೆ ತೋರಿಸಿ ಎಂದು ಎಲ್ಲರನ್ನೂ ಹೊರಡಿಸಿದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹೆದರಬೇಡಿ, ಬಾಳೆಹಣ್ಣು ತಿನ್ನಿ ಎಂದು ಕಳಿಸಿದರಂತೆ.

ಸಂಜೆ ಅವಳ ಅತ್ತೆಯೇ ಫೋನು ತೆಗೆದುಕೊಂಡರು. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿ ನಿಂತೆ.

"ಹೆದರ್ಬ್ಯಾಡ ಕಣವ್ವ. ಯಾರ ಹೊಟ್ಟೆಗೋದ್ರೂ ನಮ್ಮನೇಲೇ ಐತೆ. ಈ ಹುಡುಗಿ ಬಂದಾಗ್ನಿಂದ ಇವತ್ತೇ ನೋಡು, ಮುದ್ದೇಲಿ ಒಂದು ಗಂಟೂ ಗಂಟ್ಲಿಗೆ ಸಿಗ್ಲಿಲ್ಲ."

ಗುಳ್ಳೆ ಬರಲಿಲ್ಲ

ಎದ್ದ ಉಗುರನ್ನು ಮನೆಯಲ್ಲೇ ಅಂಟಿಸಬೇಡಿ ಎಂದು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳುತ್ತೇನೆ. ಒಳಗೆ ನೀರು ಸಿಕ್ಕಿಕೊಂಡರೆ ಅಸಲಿ ಉಗುರೇ ಹಸಿರುಗಟ್ಟುತ್ತದೆ. ಹಿರಿಯೂರಿನ ಒಬ್ಬಾಕೆಗೂ ಹೇಳಿದ್ದೆ. ಆಕೆಯ ಗಂಡನದು ಪಂಕ್ಚರ್ ಅಂಗಡಿ.

ಒಂದಿನ ಬಂದವಳ ಬೆರಳು ಹಿಡಿದು ನೋಡಿದೆ. ಉಗುರಿನ ಸುತ್ತ ಕರಿ ಅಂಟು, ಟ್ಯೂಬಿನ ವಾಸನೆ. ಉಗುರು ಎದ್ದಿದೆ ಎಂದು ಈಕೆ ಪೇಚಾಡುತ್ತಿದ್ದದ್ದನ್ನು ನೋಡಿ ಗಂಡನೇ ಮನಸ್ಸು ಕರಗಿ ರಿಪೇರಿಗೆ ಕೂತನಂತೆ. ಉಪ್ಪುಕಾಗದದಲ್ಲಿ ಉಜ್ಜಿದ, ಸಲ್ಯೂಷನ್ ಹಚ್ಚಿದ, ಉಫ್ ಉಫ್ ಎಂದು ಊದಿ ಆರಿಸಿದ, ಒತ್ತಿ ಹಿಡಿದುಕೊಂಡು ಕೂತ.

"ಇಷ್ಟೊತ್ತು ನನ್ ಕೈ ಹಿಡ್ಕಂಡಿದ್ದು ಅವತ್ತೇ ಅಕ್ಕ, ಧಾರೇಲೂ ಇಷ್ಟೊತ್ತು ಹಿಡ್ದಿರ್ಲಿಲ್ಲ," ಎಂದಳು. ಅವಳ ಮುಖದ ಮೇಲಿನ ಬೆಳಕು ನೋಡಿ ನನಗೆ ಬೈಯುವ ಮನಸ್ಸಾಗಲಿಲ್ಲ. ಎಷ್ಟೋ ಮನೆಗಳಲ್ಲಿ ಪ್ರೀತಿ ಇಲ್ಲವೆಂದಲ್ಲ, ಕೈ ಹಿಡಿಯಲು ಒಂದು ನೆಪ ಇರುವುದಿಲ್ಲ. ಆದರೂ ಕೆಲಸ ಕೆಲಸವೇ. ಗಟ್ಟಿಯಾಗಿ ಕೇಳಿದೆ, "ಅದೆಲ್ಲ ಸರಿ, ಒಳಗೆ ನೀರು ಹೋಗಿಲ್ಲ ತಾನೆ?"

"ಇಲ್ಲಕ್ಕ, ಅವ್ರು ಚೆಕ್ ಮಾಡಿದ್ರು. ನನ್ ಬೆರಳನ್ನ ಅಂಗಡಿ ನೀರಿನ ಬೋಗುಣೀಲಿ ಮುಳುಗ್ಸಿ, ಹಿಂಗೂ ಹಂಗೂ ತಿರುಗ್ಸಿ ನೋಡಿದ್ರು. ಒಂದು ಗುಳ್ಳೇನೂ ಬರ್ಲಿಲ್ಲ."

ಎರಡು ಬೆರಳು

ಇನ್ನು ಆದಿವಾಲದ ಕಡೆಯಿಂದ ಬಂದ ಹುಡುಗಿಯ ಸಂಗತಿ. ಕುರಿ ಸಾಕುವ ಮನೆಯವಳು, ಮದುವೆ ಗೊತ್ತಾಗಿತ್ತು. ಕುರ್ಚಿಯಲ್ಲಿ ಕೂತವಳು ಕೈಗಳನ್ನು ಸೆರಗಿನೊಳಗಿಂದ ಹೊರಗೆ ತೆಗೆಯಲೇ ಇಲ್ಲ. ಕಾರಣವನ್ನು ಬಿಡಿಸಿ ಬಿಡಿಸಿ ಕೇಳಬೇಕಾಯಿತು.

ಹೆಣ್ಣು ನೋಡಲು ಬಂದಾಗ ಹುಡುಗನ ಸೋದರತ್ತೆ ಇವಳ ಅಂಗೈ ಮುಂಗೈ ತಿರುವಿ ನೋಡಿ, ಎಲ್ಲರ ಮುಂದೆ, "ಹುಡುಗಿ ಲಕ್ಷಣವಾಗವ್ಳೆ, ಕೈ ಮಾತ್ರ ಆಳಿನ ಕೈ," ಎಂದಿದ್ದಳಂತೆ. ಆ ಅತ್ತೆಯೂ ಕುರಿಮನೆಯಲ್ಲೇ ಹುಟ್ಟಿದವಳು, ಹೊಸದುರ್ಗ ಪೇಟೆ ಸೇರಿದ ಮೇಲೆ ಅದನ್ನು ಮರೆತಿದ್ದಳು ಅಷ್ಟೇ. ಹುಡುಗ ಪಾಪ ತಲೆ ತಗ್ಗಿಸಿ ಕೂತಿದ್ದನಂತೆ.

"ಧಾರೆ ದಿನ ಎಲ್ರೂ ನನ್ ಕೈಯೇ ನೋಡ್ತಾರಕ್ಕ. ಅವತ್ತೊಂದಿನ ಚೆಂದ ಕಾಣ್ಲಿ, ಸಾಕು."

ಅತ್ತೆಯಂದಿರ ಮೇಲಿನ ನನ್ನ ಹಳೆಯ ಹಟವೆಲ್ಲ ಸೇರಿಕೊಂಡು, ಈ ಹುಡುಗಿಯ ಉಗುರು ಎದ್ದರೆ ನಾನು ಅಂಗಡಿ ಮುಚ್ಚುತ್ತೇನೆ ಎಂದುಕೊಂಡೆ. ಮುಂಚಿತವಾಗಿ ಒಮ್ಮೆ ಹಾಕಿ ನೋಡಿದೆ. ವಾರದೊಳಗೆ ಬಲಗೈಯ ತೋರುಬೆರಳು, ನಡುಬೆರಳು ಎದ್ದವು. ಮತ್ತೆ ಹಾಕಿದೆ. ಮತ್ತೆ ಅವೆರಡೇ ಎದ್ದವು. ಹೂ ಕಟ್ಟುತ್ತೀಯಾ, ಇಲ್ಲ. ಸುಲಿಯುತ್ತೀಯಾ, ಇಲ್ಲ. ಬಟ್ಟೆ ಒಗೆಯುತ್ತೀಯಾ, ಇಲ್ಲ. ನನ್ನ ಹಸ್ತಸಾಮುದ್ರಿಕವೆಲ್ಲ ಕೈಕೊಟ್ಟಿತು.

ಕೊನೆಗೆ ಬೆರಳು ಮೂಗಿನ ಹತ್ತಿರ ತಂದೆ. ಹಾಲಿನ ಹುಳಿ ವಾಸನೆ. ಮದುವೆಯಾಗದ ಹುಡುಗಿ, ಮನೆಯಲ್ಲಿ ಎಳೆಗೂಸಿಲ್ಲ, ಇದೇನಪ್ಪ ಎಂದು ಗಾಬರಿಯಿಂದ ಅವಳ ಮುಖ ನೋಡಿದೆ. ಅವಳು ಅತ್ತೇಬಿಟ್ಟಳು.

"ತಾಯಿ ಸತ್ತ ಮರಿ ಒಂದೈತಕ್ಕ. ಬಾಟ್ಲಿ ಮುಟ್ಟಲ್ಲ. ಹಾಲಿನ ತಟ್ಟೇಲಿ ಎರಡು ಬೆರಳು ಇಟ್ರೆ ಮೊಲೆ ಅಂದ್ಕಂಡು ಚೀಪುತ್ತೆ. ಕುರಿ ಕೆಲ್ಸ ಮಾಡ್ತೀನಿ ಅಂದ್ರೆ ನೀವು ಉಗುರು ಹಾಕಲ್ಲ ಅಂತೀರೇನೋ ಅಂತ ಹೇಳ್ಲಿಲ್ಲ."

ಒದ್ದೆ, ಪಸೆ, ಎಳೆದಾಟ. ಮೂರೂ ಒಂದೇ ಬಾಯಲ್ಲಿ! ಸರಿ, ಮದುವೆ ಮುಗಿಯುವವರೆಗೆ ಬೇರೆ ಯಾರಾದರೂ ಕುಡಿಸಲಿ ಎಂದು ಕಟ್ಟಪ್ಪಣೆ ಮಾಡಿದೆ. ಅವಳಪ್ಪ ಬೆರಳು ಕೊಟ್ಟರಂತೆ, ಮರಿ ಬೀಡಿ ವಾಸನೆಗೆ ಮುಖ ತಿರುಗಿಸಿತಂತೆ. ಅಜ್ಜಿಯ ಬೆರಳು ಹಿಡಿಯಿತು, ಹೇಗೋ ನಾಲ್ಕು ಗುಟುಕು ಇಳಿಯುತ್ತಿತ್ತು. ಅಷ್ಟರಲ್ಲೇ ದಿನ ನೂಕಿದರು.

ಮದುವೆಯ ಹಿಂದಿನ ದಿನ ನಾನೇ ಹಿರಿಯೂರಿನ ಛತ್ರಕ್ಕೆ ಹೋದೆ. ಬೆಳಗ್ಗೆಯೇ ಉಗುರು ಹಾಕಿದೆ. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೇ ದೃಷ್ಟಿಯಾಗುವಷ್ಟು. ಆದರೆ ಮಧ್ಯಾಹ್ನ ಎಣ್ಣೆ ಅರಿಶಿನ ಹಚ್ಚುವ ಶಾಸ್ತ್ರ. ಬೇಡ ಎನ್ನಲು ನಾನ್ಯಾರು? ತಲೆಗೆ ಬಣ್ಣ ಹಚ್ಚುವಾಗ ಹಾಕಿಕೊಳ್ಳುವ ತೆಳು ಕೈಗವಸುಗಳನ್ನು ಹುಡುಗಿಗೆ ತೊಡಿಸಿದೆ. ಮುತ್ತೈದೆಯರು ನಕ್ಕರೂ ಒಪ್ಪಿದರು. ಅಜ್ಜಿಗೆ ಕಣ್ಣು ಮಂಜು, ಕೈಗವಸಿನ ಸಂಗತಿ ಯಾರೂ ಹೇಳಿರಲಿಲ್ಲ. ಆಕೆ ಮೊಮ್ಮಗಳ ಕೈ ಹಿಡಿದು ಎಣ್ಣೆ ಸವರುತ್ತಾ ಸವರುತ್ತಾ ನಿಂತುಬಿಟ್ಟಳು. ಮತ್ತೆ ಸವರಿದಳು. ಕಣ್ಣಲ್ಲಿ ನೀರು.

"ಅಯ್ಯೋ ನನ್ ಕೂಸೇ, ಮದ್ವೆ ಚಿಂತೇಲಿ ಇಷ್ಟು ಸೊರಗಿದ್ಯಾ? ಚರ್ಮ ಎಲ್ಲ ಜೋತು ಬಿದ್ದೈತಲ್ಲೇ! ನಂದೇ ವಾಸಿ!"

ಉಗುರು ಮಾತ್ರ ಏಳಲಿಲ್ಲ. ಗೆದ್ದೆ ಎಂದುಕೊಂಡು ಮಲಗಿದೆ.

ಬೆಳಗ್ಗೆ ಮುಹೂರ್ತಕ್ಕೆ ಇನ್ನು ಸ್ವಲ್ಪವೇ ಹೊತ್ತು. ಸೀರೆ ಉಡಿಸಿ, ಹೂ ಮುಡಿಸಿ, ನಾನು ಉಗುರುಗಳಿಗೆ ಕೊನೆಯ ಹೊಳಪು ಕೊಡುತ್ತಿದ್ದೆ. ಅಡುಗೆಮನೆ ಹಿಂದಿನಿಂದ ಮರಿಯ ಕೂಗು ಕೇಳಿಸಿತು. ಮನೆಯಲ್ಲಿ ನೋಡುವವರಿಲ್ಲವೆಂದು ಅಜ್ಜಿ ಅದನ್ನು ಸಾಮಾನಿನ ಟೆಂಪೊದಲ್ಲೇ ಕರೆತಂದಿದ್ದಳು. ಅಷ್ಟು ಜನ, ಅಷ್ಟು ಗದ್ದಲಕ್ಕೆ ಬೆದರಿ ಅದು ಅಜ್ಜಿಯ ಬೆರಳನ್ನೂ ಬಿಟ್ಟಿತ್ತು. ಹಿಂದಿನ ದಿನದಿಂದ ಹನಿ ಹಾಲು ಇಳಿದಿರಲಿಲ್ಲ. ಕೂಗು ಬರುಬರುತ್ತಾ ಸಣ್ಣದಾಯಿತು.

ಹುಡುಗಿ ಕೈ ಮುಂದಕ್ಕೆ ಚಾಚಿದಳು. "ಅಕ್ಕ, ಎರಡು ತೆಗೀರಿ."

"ಹುಚ್ಚೇನೇ ನಿಂಗೆ? ಆ ಅತ್ತೆ ಬಂದು ಕೂತವ್ಳೆ. ಇಷ್ಟೆಲ್ಲ ಮಾಡಿದ್ದು ಯಾಕೆ?"

"ನೋಡಿದ್ರೆ ನೋಡ್ಲಿ. ಅದು ಹಸ್ಕಂಡೈತಕ್ಕ."

ನಾನು ಹಾಕಿದ್ದರಲ್ಲೇ ಅತ್ಯಂತ ಗಟ್ಟಿಯಾದ ಉಗುರುಗಳು ಅವು. ಹಟ ಮಾಡಿ ನಿಲ್ಲಿಸಿದ್ದನ್ನು ನಾನೇ ಅರ ಹಿಡಿದು ಉಜ್ಜಿ ತೆಗೆಯಬೇಕಾಯಿತು. ತೆಗೆಯುವಾಗ ಮೊದಲು ಸಂಕಟವಾಯಿತು, ಆಮೇಲೆ ಆ ಹುಡುಗಿಯ ಬಗ್ಗೆ ಗೌರವ ಉಕ್ಕಿತು. ಜೆಲ್ಲಿನ ಪುಡಿ ಒಂದು ಚೂರೂ ಉಳಿಯದಂತೆ ಬೆರಳು ತೊಳೆಸಿದೆ. ರೇಷ್ಮೆ ಸೀರೆಯ ಮೇಲೆ ಕಂಬಳಿ ಹೊದ್ದು ಅವಳು ಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಮರಿ ಬಾಲ ಅಲ್ಲಾಡಿಸುತ್ತಾ ತಟ್ಟೆ ಬರಿದು ಮಾಡಿತು. ಆಳಿನ ಕೈ ಎಂದ ಕೈ ಅದು. ಅದಕ್ಕಿಂತ ಚೆಂದದ ಕೈಯನ್ನು ನಾನಂತೂ ಹಿಡಿದಿಲ್ಲ.

ಧಾರೆ ಶುರುವಾಯಿತು. ಹಾಲು ಎರೆಯಲು ಬಂದ ಸೋದರತ್ತೆಯ ಕಣ್ಣು ಸೀದಾ ಅಲ್ಲಿಗೇ ಹೋಯಿತು. ಉದ್ದುದ್ದ ಹೊಳೆಯುವ ಉಗುರುಗಳ ಸಾಲಿನಲ್ಲಿ ಬೋಳು ಬೋಳಾಗಿ ಎರಡು ಬೆರಳು. "ಇದೇನಿದು? ಇವೆರಡಕ್ಕೆ ಯಾಕಿಲ್ಲ?" ಎಂದಳು, ಮಂಟಪಕ್ಕೆಲ್ಲ ಕೇಳುವ ಹಾಗೆ. ಹುಡುಗಿ ತಲೆ ತಗ್ಗಿಸಿದಳು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಎಲೆ ಅಡಿಕೆ ಒಂದು ಕಡೆ ದವಡೆಗೆ ಸರಿಸಿ, ಕನಿಕರದ ದನಿಯಲ್ಲಿ ಹೇಳಿದಳು. "ಅದು ಈಗಿನ ಫ್ಯಾಷನ್ನು ಕಣವ್ವ. ದುರ್ಗದಾಗೆ ಎಲ್ರೂ ಹಂಗೇ ಹಾಕ್ಸದು. ಯಾಕೆ, ನಿಮ್ ಹೊಸದುರ್ಗಕ್ಕೆ ಇನ್ನೂ ಬಂದಿಲ್ವಾ?"

"ಬಂದೈತೆ, ಬಂದೈತೆ," ಎಂದು ಅತ್ತೆ ಗಡಿಬಿಡಿಯಲ್ಲಿ ಹಾಲು ಎರೆದು ಕೆಳಗಿಳಿದಳು. ಹುಡುಗ ತಲೆ ತಗ್ಗಿಸಿಯೇ ಇದ್ದ, ಆದರೆ ಭುಜ ಕುಲುಕುತ್ತಿತ್ತು. ಹಿತ್ತಲಲ್ಲಿ ಇವಳು ಮರಿಗೆ ಹಾಲು ಕುಡಿಸುವುದನ್ನು ಅವನು ಕಿಟಕಿಯಿಂದ ನೋಡಿದ್ದನಂತೆ. ಅವಳ ಆ ಎರಡು ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಕೆಲವು ದಿನಗಳ ಮೇಲೆ ನನ್ನ ಅಂಗಡಿ ಮೆಟ್ಟಿಲು ಹತ್ತಿ ಬಂದವಳು ಯಾರೆಂದುಕೊಂಡಿರಿ? ಅದೇ ಸೋದರತ್ತೆ. ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದಳು. ನಾನು ಕೆಲಸ ಶುರು ಮಾಡಿ ಬಲಗೈಯ ತೋರುಬೆರಳು ಹಿಡಿದಿದ್ದೇ ತಡ, ಕೈ ಕಿತ್ತುಕೊಂಡಳು.

"ಅದ್ಕೆ ಹಾಕ್ಬ್ಯಾಡ! ಅದು, ಅದರ ಪಕ್ಕದ್ದು, ಎರಡೂ ಬಿಡು. ನಂಗೇನು ಗೊತ್ತಿಲ್ಲ ಅಂದ್ಕಂಡ್ಯಾ?"

ನಿಜ ಹೇಳಲೋ ಬೇಡವೋ ಎಂದು ಯೋಚಿಸುತ್ತಾ ಉಂಗುರದ ಬೆರಳಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳು ನನ್ನ ಕೈಗಳನ್ನು ಎಳೆದುಕೊಂಡು ಅಂಗೈ ಮುಂಗೈ ತಿರುವಿ ನೋಡಿದಳು. ನನ್ನ ಹತ್ತೂ ಬೆರಳಿಗೂ ಉದ್ದುಗುರಿತ್ತು. ತಲೆಯಾಡಿಸಿ, ಮರುಕದಿಂದ ಹೇಳಿದಳು.

"ಇದೇ ಕೆಲ್ಸ ಮಾಡ್ಕಂಡು, ನೀನೇ ಇನ್ನೂ ಹಳೇ ಕಾಲದಾಗೆ ಇದೀಯಲ್ಲವ್ವ!"